ಸೆಂಟ್ರಲ್ ಲಾಕ್ ತಾನೇ ತೆರೆದುಕೊಂಡರೆ ಇಡೀ ಕಿಟ್ ಬದಲಿಸಬೇಕಾ?

ನೀವು ಕೇಳಿದ್ದು ಇಷ್ಟು. 2012ರ ಬೇಸ್ ಮಾಡೆಲ್ ಕಾರು, ಸೆಂಟ್ರಲ್ ಲಾಕ್ ಆಮೇಲೆ ಹೊರಗಡೆ ಹಾಕಿಸಿದ್ದು. ರಿಮೋಟ್ ಒತ್ತಿದರೆ ಲಾಕ್ ಆಗುತ್ತದೆ, ಮರುಕ್ಷಣ ತಾನೇ ತೆರೆದುಕೊಳ್ಳುತ್ತದೆ, ಅದೂ ಒಮ್ಮೊಮ್ಮೆ. ಮುಂದಿನ ಎಡಬಾಗಿಲು ಮಾತ್ರ ಮಳೆಗಾಲ ಶುರುವಾದಾಗಿಂದ ಯಾವುದಕ್ಕೂ ಜಗ್ಗುತ್ತಿಲ್ಲ. ಗ್ಯಾರೇಜಿನವರು ಇಡೀ ಕಿಟ್ (ಡ್ಯಾಶ್ ಕೆಳಗಿನ ಕಂಟ್ರೋಲ್ ಯೂನಿಟ್ ಮತ್ತು ಬಾಗಿಲುಗಳ ಲಾಕ್ ಮೋಟರ್‌ಗಳು) ಬದಲಿಸಿ ಅಂದಿದ್ದಾರೆ.

ಈಗಲೇ ಬದಲಿಸಬೇಡಿ. ನಾನು ಮೆಕ್ಯಾನಿಕ್ ಅಲ್ಲ, ಆದರೆ ಇದೇ ಕಾಟವನ್ನು ನನ್ನ ಹಳೇ ಕಾರಲ್ಲಿ ಒಂದು ಇಡೀ ಮಳೆಗಾಲ ಅನುಭವಿಸಿದ್ದೇನೆ. ನಿಮ್ಮದು ಒಂದು ತೊಂದರೆ ಅಲ್ಲ, ಎರಡು. ಬೇರೆ ಬೇರೆಯಾಗಿ ಹುಡುಕಿ.

ಮೊದಲು ಎಡಬಾಗಿಲು. ಇಂಥ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಮೋಟರಿಗೆ 5 ವೈರ್, ಉಳಿದವಕ್ಕೆ 2 ವೈರ್ ಇರುತ್ತವೆ. ಆ ಎರಡರಲ್ಲೇ ಲಾಕೂ ಆಗಬೇಕು, ಅನ್‌ಲಾಕೂ ಆಗಬೇಕು. ಪ್ಲಸ್ಸು ಮೈನಸ್ಸು ಅದಲುಬದಲು ಆದರೆ ಮೋಟರ್ ಹಿಂದೆಮುಂದೆ ಓಡುತ್ತದೆ, ಅಷ್ಟೇ. ಕರೆಂಟ್ ಬರುವುದು ಹೆಚ್ಚೆಂದರೆ ಒಂದು ಸೆಕೆಂಡ್. ಹಾಗಾಗಿ ಒಂದು ವೈರ್ ತುಂಡಾದರೂ ಎರಡೂ ಕೆಲಸ ನಿಲ್ಲುತ್ತದೆ. ನಿಮ್ಮ ಎಡಬಾಗಿಲು ಹಾಗೇ ಸತ್ತಿದೆ ಅಲ್ವಾ? ಲಾಕ್ ಆಗುತ್ತೆ, ಅನ್‌ಲಾಕ್ ಮಾತ್ರ ಆಗಲ್ಲ ಅನ್ನುವ ಹಾಗಿದ್ದರೆ ವೈರ್ ಬಿಟ್ಟು, ಬಾಗಿಲ ಒಳಗೆ ಮೋಟರಿಂದ ತಾಳಕ್ಕೆ ಹೋಗುವ ಕಡ್ಡಿ, ತಾಳ ಎಲ್ಲಿ ಬಿಗಿಯಾಗಿದೆ ಅಂತ ನೋಡಿ ಎನ್ನುತ್ತಿದ್ದೆ.

ನಾನು ಮಾಡಿದ ಪೆದ್ದು ಕೆಲಸ ಹೇಳುತ್ತೇನೆ. ಡೋರ್ ಪ್ಯಾಡ್ (ಬಾಗಿಲ ಒಳಮುಚ್ಚಳ) ಬಿಚ್ಚಿ, ಮೋಟರಿನ ಕಪ್ಲರ್ (ವೈರ್ ಸಿಕ್ಕಿಸುವ ಪ್ಲಗ್) ತೆಗೆದು, ವೋಲ್ಟ್ ಅಳೆಯುವ ಮೀಟರ್ ಇಟ್ಟು ರಿಮೋಟ್ ಒತ್ತಿದೆ. ಮೀಟರಲ್ಲಿ 11 ಚಿಲ್ಲರೆ ಅಂತ ಏನೋ ಮಿಂಚಿ ಮಾಯವಾಯಿತು. ಆಹಾ, ಕರೆಂಟ್ ಬರ್ತಿದೆ, ಮೋಟರೇ ಹೋಗಿದೆ ಅಂದುಕೊಂಡು ಹೊಸ ಮೋಟರ್ ತಂದು ಹಾಕಿದೆ. ಅದೂ ಅಲುಗಲಿಲ್ಲ. ಆಮೇಲೆ ಒಬ್ಬ ವಯಸ್ಸಾದ ಆಟೋ ಎಲೆಕ್ಟ್ರಿಷಿಯನ್ ಮೀಟರ್ ಪಕ್ಕಕ್ಕಿಡು ಅಂತ ಹೇಳಿ, ಎರಡು ವೈರ್ ಬೆಸುಗೆ ಹಾಕಿದ ಒಂದು ಹಳೇ ಇಂಡಿಕೇಟರ್ ಬಲ್ಬನ್ನು ಅದೇ ಕಪ್ಲರಿಗೆ ಸಿಕ್ಕಿಸಿದರು. ಬಲ್ಬ್ ಮಿಣುಕು ಅಂತ ಕೂಡ ಅನ್ನಲಿಲ್ಲ. ವಿಷಯ ಏನಂದರೆ, ವೈರಿನಲ್ಲಿ ಕಿಲುಬು ಹಿಡಿದ ಒಂದೇ ಒಂದು ಎಳೆ ಉಳಿದಿದ್ದರೂ ಮೀಟರಿಗೆ ವೋಲ್ಟ್ ಸಿಗುತ್ತದೆ, ಏಕೆಂದರೆ ಮೀಟರ್ ಕರೆಂಟನ್ನು ಹೆಚ್ಚುಕಡಿಮೆ ಎಳೆಯುವುದೇ ಇಲ್ಲ. 21 ವ್ಯಾಟ್ ಬಲ್ಬ್ ಎಳೆಯುತ್ತದೆ. ಮೋಟರಂತೂ ಇನ್ನೂ ಜಾಸ್ತಿ ಎಳೆಯುತ್ತದೆ. ಆವತ್ತಿಂದ ಆ ಬಲ್ಬ್ ನನ್ನ ಟೂಲ್ ಡಬ್ಬಿಯಲ್ಲಿದೆ.

ವೈರ್ ಎಲ್ಲಿ ಮುರಿದಿತ್ತು ಗೊತ್ತಾ? ಬಾಗಿಲಿಗೂ ಬಾಡಿಗೂ ನಡುವೆ, ಹಿಂಜಿನ ಹತ್ತಿರ, ಸುಕ್ಕುಸುಕ್ಕಾದ ಒಂದು ರಬ್ಬರ್ ಕೊಳವೆ ಇರುತ್ತದಲ್ಲ, ಅದರೊಳಗೆ. ಬಾಗಿಲು ತೆಗೆದು ಹಾಕಿದಾಗೆಲ್ಲ ವೈರ್ ಅಲ್ಲೇ ಮಡಚಿಕೊಳ್ಳುತ್ತದೆ. ಕೊಳವೆಯನ್ನು ಬಾಡಿ ಕಡೆಯಿಂದ ಕಿತ್ತು ಹಿಂದಕ್ಕೆ ಸರಿಸಿ, ಒಂದೊಂದೇ ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಒಳಗೆ ತಾಮ್ರ ಸರಿಯಿದ್ದರೆ ವೈರ್ ಬಿಗಿಯಾಗಿರುತ್ತದೆ. ತುಂಡಾಗಿದ್ದರೆ ಮೇಲಿನ ಪ್ಲಾಸ್ಟಿಕ್ ಮಾತ್ರ ರಬ್ಬರ್ ಬ್ಯಾಂಡಿನ ಹಾಗೆ ಹಿಗ್ಗುತ್ತದೆ. ನನ್ನದು ಹೊರಗಿಂದ ನೋಡಿದರೆ ಹೊಸದರ ಹಾಗಿತ್ತು, ಸಿಪ್ಪೆ ಸುಲಿದರೆ ಒಳಗೆ ಹಸಿರು ಕಿಲುಬಿನ ಪುಡಿ. ಮಳೆ ನೀರು ಕೊಳವೆಯೊಳಗೆ ಇಳಿದಿತ್ತು.

ಸರಿಮಾಡುವಾಗ ಒಂದು ಮಾತು. ಮುರಿದ ಜಾಗದಲ್ಲೇ ಬೆಸುಗೆ ಹಾಕಿ ಟೇಪ್ ಸುತ್ತಬೇಡಿ. ಬೆಸುಗೆ ಹಾಕಿದ ಕಡೆ ವೈರ್ ಗಟ್ಟಿಯಾಗುತ್ತದೆ, ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಸಣ್ಣ ಎಳೆಗಳು ಜಾಸ್ತಿ ಇರುವ ಮೆತ್ತನೆ ವೈರ್ ತಂದು, ಒಂದು ಜಾಯಿಂಟ್ ಬಾಗಿಲೊಳಗೆ, ಇನ್ನೊಂದು ಡ್ಯಾಶ್ ಕೆಳಗೆ ಬರುವಷ್ಟು ಉದ್ದ ಇಟ್ಟು ಹಾಕಿ.

ಇನ್ನು ಲಾಕ್ ಆಗಿ ತಾನೇ ತೆರೆಯುವುದು. ಅದರ ಅನುಮಾನ ಡ್ರೈವರ್ ಬಾಗಿಲ ಮೇಲೆ. ಅಲ್ಲಿನ 5 ವೈರಿನಲ್ಲಿ ಎರಡು ಮೋಟರಿಗೆ, ಮೂರು ಒಳಗಿನ ಪುಟ್ಟ ಸ್ವಿಚ್ಚಿಗೆ. ಡ್ರೈವರ್ ಬಾಗಿಲ ಲಾಕ್ ಗುಬ್ಬಿ ಒತ್ತಿದಾಗ ಎಲ್ಲ ಬಾಗಿಲೂ ಲಾಕ್ ಆಗುವುದು ಆ ಸ್ವಿಚ್ಚಿಂದಲೇ. ಅದು ಕೆಟ್ಟರೆ, ಅಥವಾ ಕಡ್ಡಿ ಹಿಡಿದಿರುವ ಸ್ಕ್ರೂ ಸಡಿಲವಾಗಿ ಮೋಟರ್ ಪೂರ್ತಿ ಚಲಿಸದಿದ್ದರೆ, ಯೂನಿಟ್‌ಗೆ 'ಅನ್‌ಲಾಕ್ ಮಾಡು' ಅಂತ ತಪ್ಪು ಸುದ್ದಿ ಹೋಗುತ್ತದೆ. ಪಾಪ, ಅದು ಮಾಡುತ್ತದೆ.

ಪರೀಕ್ಷೆ ಸುಲಭ. ಡ್ರೈವರ್ ಬಾಗಿಲ ಮೋಟರಿನ ಕಪ್ಲರ್ ಕಿತ್ತುಬಿಡಿ. ಕಾರಿನ ಕೀ ಮತ್ತು ರಿಮೋಟ್ ಎರಡೂ ನಿಮ್ಮ ಜೇಬಲ್ಲೇ ಇರಲಿ, ಆಮೇಲೆ ನನ್ನನ್ನು ಬೈಯಬೇಡಿ. ಈಗ ರಿಮೋಟ್ ಒತ್ತಿ, ಹತ್ತಿಪ್ಪತ್ತು ಸಲ. ಉಳಿದ ಬಾಗಿಲುಗಳು ಪ್ರತಿ ಸಲವೂ ಲಾಕ್ ಆಗಿ ಹಾಗೇ ನಿಂತರೆ ಕಳ್ಳ ಸಿಕ್ಕಿದ ಹಾಗೆ. ಮೊದಲು ಆ ಸ್ಕ್ರೂ ಬಿಗಿ ಮಾಡಿ, ತಾಳಕ್ಕೆ ಗ್ರೀಸ್ ಹಾಕಿ, ಕಡ್ಡಿಯನ್ನು ಕೈಯಲ್ಲಿ ಮೇಲೆ ಕೆಳಗೆ ಆಡಿಸಿ ನೋಡಿ. ಅದಕ್ಕೂ ಸರಿಹೋಗದಿದ್ದರೆ ಆ ಕಡೆಯ ರಬ್ಬರ್ ಕೊಳವೆಯನ್ನೂ ಬಿಚ್ಚಿ ನೋಡಿ, ಆ ಸ್ವಿಚ್ಚಿನ ಮೂರು ವೈರೂ ಅದರೊಳಗಿಂದಲೇ ಬರುತ್ತವೆ. ಕೊನೆಗೆ ಆ ಒಂದು 5 ವೈರಿನ ಮೋಟರ್ ಮಾತ್ರ ತನ್ನಿ.

ಎಲ್ಲಕ್ಕಿಂತ ಮೊದಲು ಬ್ಯಾಟರಿ ನೋಡಿದ್ದೀರಾ? ರಾತ್ರಿ ನಿಂತ ಕಾರಲ್ಲಿ 12 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಮೇಲಿನ ಯಾವ ಪರೀಕ್ಷೆಯನ್ನೂ ನಂಬಬೇಡಿ, ಚಾರ್ಜ್ ಮಾಡಿಸಿ ಮತ್ತೆ ಶುರು ಮಾಡಿ.

ಕಪ್ಲರ್ ಕಿತ್ತ ಮೇಲೂ ತಾನೇ ತೆರೆದುಕೊಂಡರೆ ಆಗ ಡ್ಯಾಶ್ ಕೆಳಗಿನ ಯೂನಿಟ್ ಮೇಲೆ ಅನುಮಾನ ಪಡಿ. ಆಗಲೂ ಬದಲಿಸಬೇಕಾದ್ದು ಆ ಡಬ್ಬಿ ಒಂದೇ, ನಾಲ್ಕು ಮೋಟರ್ ಅಲ್ಲ. ಹಳೇದರಲ್ಲಿ ಯಾವ ವೈರ್ ಎಲ್ಲಿತ್ತು ಅಂತ ಬಿಚ್ಚುವ ಮುಂಚೆ ಫೋನಲ್ಲಿ ಫೋಟೋ ತೆಗೆದಿಡಿ, ಹೊಸದರ ಬಣ್ಣ ಬೇರೆ ಇರಬಹುದು.