‘ಸ್ಮಾರ್ಟ್’ ಅಂದಿರಿ, ಯಾವುದರಲ್ಲಿ ಜಾಣ?

ನಮಸ್ಕಾರ.

ಔಷಧ ಮತ್ತು ಜೀವಕೋಶ ಸಾಗಿಸುವ ಪ್ರೋಟೀನ್ ಹೈಡ್ರೋಜೆಲ್‌ಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ನಮ್ಮ ಪತ್ರಿಕೆಯಲ್ಲಿ ಹಾಕಲಾರೆ. ಹಾಗಂತ ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದದ ಪತ್ರ.

ನಿಮ್ಮ ಮೊದಲ ಸಾಲು: ‘ಪ್ರೋಟೀನ್ ಆಧಾರಿತ ಸ್ಮಾರ್ಟ್ ಹೈಡ್ರೋಜೆಲ್‌ಗಳು ನಿಯಂತ್ರಿತ ಔಷಧ ವಿತರಣೆಗೆ ಭರವಸೆಯ ವೇದಿಕೆಯನ್ನು ಒದಗಿಸುತ್ತವೆ.’ ವೇದಿಕೆ ಅಂದರೆ ನಮ್ಮ ಓದುಗರಿಗೆ ಶಾಮಿಯಾನ, ಮೈಕು, ಹಾರ ನೆನಪಾಗುತ್ತವೆ. ಇಂಗ್ಲಿಷ್ ಪ್ರಬಂಧದ ಸಾಲಿಗೆ ಕನ್ನಡದ ಅಂಗಿ ತೊಡಿಸಿದ್ದೀರಿ, ಅಷ್ಟೆ. ಆದರೆ ನಾಲ್ಕನೇ ಪುಟದಲ್ಲಿ, ಕರು ಹಾಕಿದ ಹಸುವಿನ ಹಾಲು ಹಬೆಯಲ್ಲಿ ಗಿಣ್ಣಾಗುವುದನ್ನು ಅರ್ಧ ಸಾಲಿನಲ್ಲಿ ಹೇಳಿ ದಾಟಿಬಿಟ್ಟಿದ್ದೀರಿ. ಲೇಖನ ಶುರುವಾಗಬೇಕಿದ್ದದ್ದೇ ಅಲ್ಲಿ! ಬಿಸಿ ತಗುಲಿ ಪ್ರೋಟೀನಿನ ಮಡಿಕೆ ಬಿಚ್ಚುತ್ತದೆ, ಎಳೆಗೆ ಎಳೆ ತೊಡರಿ ಬಲೆಯಾಗುತ್ತದೆ, ನೀರು ಆ ಬಲೆಯೊಳಗೇ ನಿಂತುಬಿಡುತ್ತದೆ. ಹೈಡ್ರೋಜೆಲ್ ಅಂದರೆ ಇದೇ. ಗಿಣ್ಣು ತಣ್ಣಗಾದರೂ ಮತ್ತೆ ಹಾಲಾಗದು ಅನ್ನುವುದನ್ನೂ ಬಳಸಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಯಾಕೆಂದರೆ ನಿಮ್ಮ ಲೇಖನದಲ್ಲೊಂದು ತಪ್ಪಿದೆ. ‘ಜೆಲಟಿನ್ ದೇಹದ ಬಿಸಿಗೆ ಗಟ್ಟಿಯಾಗುತ್ತದೆ’ ಎಂದಿದ್ದೀರಿ. ಪೂರ್ತಿ ತಲೆಕೆಳಗು. ಜೆಲಟಿನ್ ತಣ್ಣಗಾದರೆ ಹೆಪ್ಪುಗಟ್ಟುತ್ತದೆ, ಸುಮಾರು 35 ಡಿಗ್ರಿಯೊಳಗೇ ಕರಗುತ್ತದೆ. ಜೆಲ್ಲಿ ನಾಲಿಗೆಯ ಮೇಲೆ ನೀರಾಗುವುದು ಅದಕ್ಕೇ. ಮೈಯೊಳಗೆ ನಿಲ್ಲಬೇಕಾದರೆ ಎಳೆಗಳ ನಡುವೆ ರಾಸಾಯನಿಕ ಗಂಟು ಹಾಕಬೇಕು. ನೀವು ಹೇಳಹೊರಟದ್ದು ಎಲಾಸ್ಟಿನ್ (ಚರ್ಮಕ್ಕೆ ಹಿಗ್ಗುವ ಗುಣ ಕೊಡುವ ಪ್ರೋಟೀನ್) ಮಾದರಿಯ ಪಾಲಿಪೆಪ್ಟೈಡ್ ಇರಬೇಕು. ಪ್ರೋಟೀನಿನ ಮಣಿಗಳಾದ ಅಮೈನೋ ಆಮ್ಲಗಳಲ್ಲಿ ಐದರ ಒಂದೇ ವರಸೆ ಮತ್ತೆ ಮತ್ತೆ ಬರುವ ಸರಪಳಿ ಅದು. ತಂಪಿದ್ದಾಗ ನೀರಿನಲ್ಲಿ ಕರಗಿರುತ್ತದೆ, ಒಂದು ಬಿಸಿ ದಾಟಿದೊಡನೆ ಒತ್ತಟ್ಟಿಗೆ ಸೇರುತ್ತದೆ. ಐದರಲ್ಲಿ ನಾಲ್ಕನೆಯದನ್ನು ಬದಲಿಸಿದರೆ ಆ ಬಿಸಿಯ ಮಟ್ಟವನ್ನೂ ಬದಲಿಸಬಹುದು. ಸಿರಿಂಜಿನಲ್ಲಿ ದ್ರವ, ಚರ್ಮದಡಿ ಮುದ್ದೆ. ಆ ಮುದ್ದೆ ತಣ್ಣಗಾದರೆ ಗಿಣ್ಣಿನ ಹಾಗಲ್ಲ, ಮತ್ತೆ ಕರಗಬಲ್ಲದು. ‘ಸ್ಮಾರ್ಟ್’ ಎಂದು ಹತ್ತೊಂಬತ್ತು ಸಲ ಬರೆದಿದ್ದೀರಿ (ಎಣಿಸಿದೆ, ಕ್ಷಮಿಸಿ). ಜೆಲ್ ಏನನ್ನು ಗ್ರಹಿಸಿ ಏನು ಮಾಡುತ್ತದೆ ಎಂದು ಒಮ್ಮೆಯೂ ಸರಿಯಾಗಿ ಹೇಳಿಲ್ಲ.

ಔಷಧವನ್ನೂ ಜೀವಕೋಶವನ್ನೂ ಒಂದೇ ಗಾಡಿಗೆ ಹೂಡಬೇಡಿ. ಬಲೆಯ ಕಣ್ಣು ಸಾಮಾನ್ಯವಾಗಿ ನ್ಯಾನೋಮೀಟರ್ ಲೆಕ್ಕದ್ದು. ಒಂದು ನ್ಯಾನೋಮೀಟರಿನ ಔಷಧ ಸರಾಗ ಜಾರಿಹೋಗುತ್ತದೆ, ಹತ್ತು ನ್ಯಾನೋಮೀಟರಿನ ಪ್ರತಿಕಾಯ ತಡವರಿಸುತ್ತದೆ. ಜೀವಕೋಶದ ಮೈಯೋ ಹತ್ತಿಪ್ಪತ್ತು ಮೈಕ್ರೋಮೀಟರ್ (ಒಂದು ಮೈಕ್ರೋಮೀಟರ್ ಅಂದರೆ ಸಾವಿರ ನ್ಯಾನೋಮೀಟರ್). ನುಸುಳುವ ಮಾತೇ ಇಲ್ಲ, ಕಿಣ್ವ ಸುರಿಸಿ ಎಳೆ ಕತ್ತರಿಸಿಕೊಂಡೇ ದಾರಿ ಮಾಡಬೇಕು. ಔಷಧ ಹೊರಬಿದ್ದರೆ ಜೆಲ್ಲಿನ ಕೆಲಸ ಮುಗಿಯಿತು. ಕೋಶ ಒಳಗೇ ಬದುಕಬೇಕು, ಅದಕ್ಕೆ ಆಮ್ಲಜನಕ ಮುಟ್ಟಬೇಕು. ರಕ್ತನಾಳದಿಂದ ಸುಮಾರು 200 ಮೈಕ್ರೋಮೀಟರಿಗಿಂತ ದೂರವಾದರೆ ಉಸಿರುಗಟ್ಟುತ್ತದೆ. ಇದು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ.

ರೇಷ್ಮೆಗೆ ಒಂದೂವರೆ ಸಾಲು ಕೊಟ್ಟದ್ದು ಬೇಸರವಾಯಿತು, ಅದೂ ರಾಮನಗರದವರಾಗಿ! ಗೂಡಿನ ಅಂಟು ತೆಗೆದು ಎಳೆಯ ಪ್ರೋಟೀನಾದ ಫೈಬ್ರೋಯಿನ್ ಉಳಿಸಿಕೊಳ್ಳುವುದನ್ನು ಬೇರೆ ಲೇಖನಕ್ಕೇ ಇಟ್ಟುಕೊಳ್ಳಿ.

‘ಕ್ಯಾನ್ಸರಿಗೆ ಶೀಘ್ರವೇ ವಿದಾಯ’ ಎಂಬ ಕೊನೆಯ ಪ್ಯಾರಾ ಪೂರ್ತಿ ತೆಗೆಯಿರಿ. ಕಿಮೋ ವಾರ್ಡಿನಲ್ಲಿ ಕೂತು ನಮ್ಮನ್ನು ಓದುವವರಿದ್ದಾರೆ.

ಒಂದೇ ಜೆಲ್ ಆರಿಸಿಕೊಂಡು ಎಂಟುನೂರು ಪದಗಳಲ್ಲಿ ಮತ್ತೆ ಬರೆಯಿರಿ. ಮನೆಯಲ್ಲಿ ಗಿಣ್ಣು ಮಾಡಿದಾಗ ಒಂದು ಫೋಟೋ ತೆಗೆದು ಜೊತೆಗೆ ಕಳಿಸಿ, ಕತ್ತರಿಸಿದ ಬದಿ ಕಾಣುವಂತೆ.