ನಕ್ಷತ್ರದ ನಡು ಉಬ್ಬಿ ನಿಂತರೆ

ಪ್ರಶ್ನೆ: ಎರಡೂವರೆ ಇಂಚಿನ ಪಟ್ಟಿಗಳಿಂದ ‘ಲೋನ್ ಸ್ಟಾರ್’ (ಒಂದೇ ದೊಡ್ಡ ನಕ್ಷತ್ರದ ವಿನ್ಯಾಸ) ಕ್ವಿಲ್ಟ್, ಅಂದರೆ ತುಂಡುಬಟ್ಟೆಯ ಕೌದಿ, ಹೊಲಿದಿದ್ದೇನೆ. ಎಂಟು ದೊಡ್ಡ ವಜ್ರಾಕೃತಿ, ಒಂದೊಂದಕ್ಕೂ 6 ಸಾಲು, ಸಾಲಿಗೆ 6 ತುಂಡು. ಎಲ್ಲ ಸೇರಿಸಿದ ಮೇಲೆ ನಡುಭಾಗ ಗೋಪುರದ ಹಾಗೆ ಏಳುತ್ತದೆ, ಇಸ್ತ್ರಿಗೂ ಬಗ್ಗುತ್ತಿಲ್ಲ. ಎಲ್ಲಿ ತಪ್ಪಿದೆ? ಇದು ಅಮೆರಿಕದ ಮೂಲನಿವಾಸಿಗಳಾದ ಲಕೋಟಾ ಜನರ ವಿನ್ಯಾಸವೇ?

ಉತ್ತರ: ಇಸ್ತ್ರಿ ಬದಿಗಿಟ್ಟು ಸ್ಕೇಲ್ ಹಿಡಿಯಿರಿ. ನಡುವಿನಲ್ಲಿ ಕೂಡುವ ಎಂಟು ವಜ್ರಗಳ ಮೊನೆಗಳು ತಲಾ 45 ಡಿಗ್ರಿ ಇದ್ದರೆ ಒಟ್ಟು 360 ಆಗಿ ಬಟ್ಟೆ ಸಮತಟ್ಟಾಗಿ ಕೂರುತ್ತದೆ. ಕಡಿಮೆಯಾದರೆ ನಡು ಏಳುತ್ತದೆ, ಹೆಚ್ಚಾದರೆ ಹೊರ ಅಂಚು ಅಲೆಯಲೆಯಾಗುತ್ತದೆ. ನಿಮ್ಮ ಅಳತೆಗೆ, ಮಾರ್ಜಿನ್ (ಹೊಲಿಗೆಗೆ ಬಿಡುವ ಕಾಲು ಇಂಚಿನ ಅಂಚು) ಲೆಕ್ಕಕ್ಕೆ ಹಿಡಿಯದೆ, ದೊಡ್ಡ ವಜ್ರದ ಬದಿ 17 ಇಂಚು, ಗಿಡ್ಡ ಕರ್ಣ 13 ಇಂಚು ಬರಬೇಕು. ಬದಿ ಸರಿಯಿದ್ದೂ ಕರ್ಣ ಕಾಲು ಇಂಚು ಕಡಿಮೆ ಬಂದರೆ ಮೊನೆ ಸುಮಾರು 1 ಡಿಗ್ರಿ ಕಿರಿದಾಗಿದೆ. ಎಂಟರಲ್ಲೂ ಹಾಗೇ ಆಗಿದ್ದರೆ ಒಟ್ಟು 7-8 ಡಿಗ್ರಿ ಖೋತಾ!

ಇಂಥಲ್ಲಿ ಎಲ್ಲರೂ ಮಾರ್ಜಿನ್ನನ್ನೇ ದೂರುತ್ತಾರೆ. ಆದರೆ ಎಲ್ಲ ಕಡೆ ಒಂದೇ ಸಮ ತಪ್ಪಿದ ಮಾರ್ಜಿನ್ ವಜ್ರವನ್ನು ಚಿಕ್ಕದು ಮಾಡುತ್ತದೆ, ಕೋನವನ್ನು ಕೆಡಿಸುವುದಿಲ್ಲ. ಕೋನ ಕೆಡುವುದು ಕತ್ತರಿಸುವಾಗ ಮತ್ತು ಸಾಲು ಜೋಡಿಸುವಾಗ. ಜೋಡಿಸಿದ ಪಟ್ಟಿಗಳನ್ನು ಓರೆಯಾಗಿ ಕೊಯ್ಯುತ್ತ ಹೋದಂತೆ ಸ್ಕೇಲ್ ಮೆಲ್ಲಗೆ ಜಾರುತ್ತದೆ. ಎರಡು ಮೂರು ಕೊಯ್ತಕ್ಕೊಮ್ಮೆ 45ರ ಗೆರೆ ಹೊಂದಿಸಿ ಅಂಚು ಸರಿಮಾಡಿಕೊಳ್ಳಬೇಕು. ಸಾಲು ಜೋಡಿಸುವಾಗ ಹೊಲಿಗೆಗಳು ಕೂಡಬೇಕಾದ್ದು ಬಟ್ಟೆಯ ಅಂಚಿನಲ್ಲಲ್ಲ, ಅಂಚಿನಿಂದ ಕಾಲು ಇಂಚು ಒಳಗೆ. ಗುಂಡುಸೂಜಿ ಅಲ್ಲೇ ಚುಚ್ಚಿ. ಪ್ರತಿ ಸಾಲು ಒಂದೇ ದಿಕ್ಕಿಗೆ ಕೂದಲೆಳೆಯಷ್ಟು ಸರಿದರೂ ಆರನೆಯದಕ್ಕೆ ಬರುವಷ್ಟರಲ್ಲಿ ಮೊನೆ ಬದಲಾಗಿರುತ್ತದೆ.

ಹಾಗಾಗಿ ಎಂಟು ಉದ್ದ ಹೊಲಿಗೆ ಬಿಚ್ಚಿ, ಒಂದೊಂದು ವಜ್ರವನ್ನೂ ಅಳೆದು, ಕೆಟ್ಟವುಗಳ ಸಾಲುಗಳನ್ನಷ್ಟೇ ಮತ್ತೆ ಜೋಡಿಸಿ. ಬೇಸರದ ಕೆಲಸವೇ, ಆದರೆ ಪದರಗಳನ್ನು ಕೂಡಿಸುವ ಕ್ವಿಲ್ಟಿಂಗ್ ಹೊಲಿಗೆಯಲ್ಲಿ ಉಬ್ಬು ಮುಚ್ಚಿಹೋಗುತ್ತದೆಂದು ನಂಬಬೇಡಿ, ನಿರಿಗೆ ಬೀಳುತ್ತದೆ. ವಜ್ರದ ಎರಡು ಬದಿ ಕ್ರಾಸ್ ಎಳೆಯವು, ಅಂದರೆ ನೇಯ್ಗೆಗೆ ಓರೆಯಾಗಿ ಕೊಯ್ದವು, ಜಗ್ಗುತ್ತವೆ. ಅವನ್ನು ಬಟ್ಟೆ ತಳ್ಳುವ ಮಷಿನ್ ಹಲ್ಲಿನ ಕಡೆ, ಕೆಳಗೆ ಇರಿಸಿ. ಮುಂದಿನ ಸಲ ಕತ್ತರಿಸುವ ಮೊದಲೇ ಬಟ್ಟೆಗೆ ಗಂಜಿ ಹಾಕಿ. ದೊಡ್ಡ ವಜ್ರಗಳನ್ನು ನಡುವಿನಿಂದ ಹೊಲಿಯುತ್ತ ಬಂದು, ಹೊರತುದಿಗೆ ಕಾಲು ಇಂಚು ಮೊದಲೇ ನಿಲ್ಲಿಸಿ ಲಾಕ್ ಮಾಡಿ. ಇಲ್ಲದಿದ್ದರೆ ಮೂಲೆಯ ಚೌಕ ಕೂರುವುದಿಲ್ಲ. ಚೌಕಕ್ಕೆ ಹದಿನೇಳೂವರೆ ಇಂಚು ಕತ್ತರಿಸಿ. ಬದಿಯ ತ್ರಿಕೋನಗಳಿಗೆ 25.25 ಇಂಚಿನ ಒಂದು ಚೌಕವನ್ನು ಎರಡೂ ಕರ್ಣದಲ್ಲಿ ಕೊಯ್ದರೆ ನಾಲ್ಕೂ ಸಿಗುತ್ತವೆ.

ಇನ್ನು ಇತಿಹಾಸ. ಪೂರ್ವ ಅಮೆರಿಕದಲ್ಲಿ 19ನೇ ಶತಮಾನದ ಆರಂಭದಲ್ಲೇ ಈ ವಿನ್ಯಾಸವಿತ್ತು. ‘ಸ್ಟಾರ್ ಆಫ್ ಬೆತ್ಲೆಹೆಮ್’ ಎಂದೂ ಕರೆಯುತ್ತಾರೆ. ಅಮೆರಿಕದ ಕಾಡೆಮ್ಮೆಗಳ (ಬೈಸನ್) ಹಿಂಡು ನಾಶವಾಗಿ ಚಿತ್ರ ಬರೆದ ಚರ್ಮದ ಹೊದಿಕೆಗಳು ಅಪರೂಪವಾದ ಕಾಲದಲ್ಲಿ ಲಕೋಟಾ ಹೆಂಗಸರು ಇದನ್ನು ತಮ್ಮದಾಗಿಸಿಕೊಂಡರು. ಅವರಿಗೆ ಅದು ಮುಂಜಾವಿನ ಬೆಳ್ಳಿ ಚುಕ್ಕಿ. ನಾಮಕರಣ, ಮದುವೆ, ಸಾವು ಎಲ್ಲಕ್ಕೂ ಗೌರವದ ಉಡುಗೊರೆ. ಮೊಂಟಾನಾ ರಾಜ್ಯದ ಮೂಲನಿವಾಸಿಗಳ ಮೀಸಲು ಪ್ರದೇಶವಾದ ಫೋರ್ಟ್ ಪೆಕ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಟೂರ್ನಿಗಳಲ್ಲೂ ಸ್ಟಾರ್ ಕ್ವಿಲ್ಟ್ ಹೊದಿಸುವ ರೂಢಿಯಿದೆ.