ಓದುಗರ ಪ್ರಶ್ನೆ: ಮಗಳ ಮೊದಲ ಕಾರಿಗೆ ನಾಲ್ಕು ಲಕ್ಷ ಸಾಕೇ?

ಪ್ರಶ್ನೆ: ಮಗಳಿಗೆ 22 ವರ್ಷ. ಚಾಲನಾ ಪರವಾನಗಿ ಸಿಕ್ಕಿ ಆರು ತಿಂಗಳಾಗಿದೆ. ಶ್ರೀರಂಗಪಟ್ಟಣದಿಂದ ಮೈಸೂರಿನ ಕಚೇರಿಗೆ ಇಷ್ಟು ದಿನ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದಳು. ಈಗ ಕಾರು ಕೊಡಿಸಬೇಕೆಂದಿದ್ದೇವೆ. ಕೈಯಲ್ಲಿರುವುದು ನಾಲ್ಕು ಲಕ್ಷ ರೂಪಾಯಿ. ಪರಿಚಯದವರೊಬ್ಬರು 2014ರ ಡೀಸೆಲ್ ಸ್ವಿಫ್ಟನ್ನು 3.60 ಲಕ್ಷಕ್ಕೆ ಕೊಡುತ್ತೇನೆ, ಮೈಲೇಜು ಚೆನ್ನಾಗಿದೆ ಎನ್ನುತ್ತಿದ್ದಾರೆ. ಅದನ್ನು ಕೊಳ್ಳಬಹುದೇ ಅಥವಾ ಸಾಲ ಮಾಡಿ ಹೊಸದನ್ನೇ ತೆಗೆದುಕೊಳ್ಳಬೇಕೇ?
– ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ಆ ಸ್ವಿಫ್ಟನ್ನು ಬಿಟ್ಟುಬಿಡಿ ಎಂಬುದೇ ನನ್ನ ಸಲಹೆ. ಗಾಡಿ ಕೆಟ್ಟದ್ದೆಂದಲ್ಲ, ನಿಮ್ಮ ಮಗಳ ಓಡಾಟಕ್ಕೂ ಅನುಭವಕ್ಕೂ ಅದು ಹೊಂದುವುದಿಲ್ಲ. ಹೋಗಿಬರುವುದೆಲ್ಲ ಸೇರಿ ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಓಡುವ ಗಾಡಿಯಲ್ಲಿ, ಡೀಸೆಲ್‌ನಿಂದ ವರ್ಷವಿಡೀ ಉಳಿಸಿದ್ದನ್ನು ಟರ್ಬೊ ಅಥವಾ ಇಂಜೆಕ್ಟರಿನ ಒಂದು ರಿಪೇರಿಯೇ ನುಂಗಿಬಿಡಬಲ್ಲದು. ಅಲ್ಲದೆ 2029ಕ್ಕೆ ಆ ಕಾರಿಗೆ ಹದಿನೈದು ವರ್ಷ ತುಂಬುತ್ತದೆ. ಆಗ ಎಫ್‌ಸಿ (ಗಾಡಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಿ ನೋಂದಣಿ ನವೀಕರಿಸಿಕೊಳ್ಳಬೇಕು, ಮಾರಹೊರಟರೆ ಬೆಲೆಯೂ ಬರುವುದಿಲ್ಲ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಹೊಸ ಚಾಲಕರಿಗೆ ಬಳಸಿದ ಕಾರು ಕೊಳ್ಳುವವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಕಂಪನಿ, ಎಷ್ಟು ಮೈಲೇಜು ಎಂದು. ನಾನು ಮೊದಲು ಕೇಳುವುದು ಅದು ತಯಾರಾದ ತಿಂಗಳನ್ನು. ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಎಂಬ ಬ್ರೇಕ್ ವ್ಯವಸ್ಥೆ ಕಡ್ಡಾಯವಾದದ್ದು ಏಪ್ರಿಲ್ 2019ರಲ್ಲಿ. ಅದೇ ವರ್ಷದ ಜುಲೈಯಿಂದ ಚಾಲಕರ ಏರ್‌ಬ್ಯಾಗ್, ಸೀಟ್ ಬೆಲ್ಟ್ ಹಾಕದಿದ್ದರೆ ಎಚ್ಚರಿಸುವ ಸದ್ದು ಮತ್ತು ಹಿಂಬದಿಯ ಪಾರ್ಕಿಂಗ್ ಸೆನ್ಸರ್ ಕೂಡ ಕಡ್ಡಾಯವಾದವು. ಮುಂದಿನ ಎರಡೂ ಸೀಟುಗಳಿಗೆ ಏರ್‌ಬ್ಯಾಗ್ ಇರಲೇಬೇಕೆಂಬ ನಿಯಮ ಎಲ್ಲ ಮಾದರಿಗಳಿಗೂ ಅನ್ವಯವಾದದ್ದು 2021ರ ಕೊನೆಗೆ. ಅದಕ್ಕೆ ಹಿಂದಿನ ಕೆಳದರ್ಜೆಯ ಮಾದರಿಗಳಲ್ಲಿ ಇವು ಎಷ್ಟೋ ಬಾರಿ ಇರುತ್ತಲೇ ಇರಲಿಲ್ಲ. ಕಾರುಗಳನ್ನು ಡಿಕ್ಕಿ ಹೊಡೆಸಿ ಸುರಕ್ಷತೆಗೆ ಐದರವರೆಗೆ ನಕ್ಷತ್ರ ಕೊಡುವ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆ 2014ರಲ್ಲಿ ಪರೀಕ್ಷಿಸಿದ, ಏರ್‌ಬ್ಯಾಗ್ ಇಲ್ಲದ ಸ್ವಿಫ್ಟ್‌ಗೆ ವಯಸ್ಕರ ರಕ್ಷಣೆಯಲ್ಲಿ ಒಂದು ನಕ್ಷತ್ರವೂ ಸಿಗಲಿಲ್ಲ. ಮಳೆಯಲ್ಲಿ ನಾಯಿಯೊಂದು ಅಡ್ಡ ಬಂದಾಗ ಹೊಸಬರು ಬ್ರೇಕನ್ನು ಒಮ್ಮೆಲೇ ಒತ್ತಿಹಿಡಿಯುತ್ತಾರೆ. ಚಕ್ರ ಕಚ್ಚಿಕೊಂಡು ಜಾರದೆ ಸ್ಟೀರಿಂಗ್ ಅವರ ಮಾತು ಕೇಳುವಂತೆ ಮಾಡುವುದು ಆ ಎಬಿಎಸ್. ದೊಡ್ಡ ಪರದೆ, ಅಲಾಯ್ ಚಕ್ರ ಇತ್ಯಾದಿಗಳನ್ನು ಮಗಳು ತನ್ನ ಸಂಬಳದಲ್ಲಿ ಆಮೇಲೆ ಹಾಕಿಸಿಕೊಳ್ಳಲಿ.

ಆದ್ದರಿಂದ ಜುಲೈ 2019ರ ನಂತರ ತಯಾರಾದ, ಒಬ್ಬರೇ ಮಾಲೀಕರ ಕೈಯಲ್ಲಿದ್ದ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಹುಡುಕಿ. ನೋಂದಣಿಯ ದಿನಾಂಕವನ್ನಲ್ಲ, ಆರ್‌ಸಿಯಲ್ಲಿರುವ (ನೋಂದಣಿ ಪತ್ರ) ತಯಾರಿಕೆಯ ತಿಂಗಳನ್ನು ನೋಡಿ. ಟಿಯಾಗೊ ನನ್ನ ಮೊದಲ ಆಯ್ಕೆ; 2020ರಲ್ಲಿ ಅದಕ್ಕೆ ಅದೇ ಸಂಸ್ಥೆಯ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಬಂದಿದೆ. ವ್ಯಾಗನ್‌ಆರ್‌ಗೆ 2019ರಲ್ಲಿ ಸಿಕ್ಕಿದ್ದು ಎರಡೇ ನಕ್ಷತ್ರ, ಆದರೆ ಎತ್ತರದ ಸೀಟಿನಿಂದ ರಸ್ತೆ ಚೆನ್ನಾಗಿ ಕಾಣುತ್ತದೆ, ಬಿಡಿಭಾಗ ಯಾವ ಊರಿನಲ್ಲಾದರೂ ಸಿಗುತ್ತದೆ. ಎಂಜಿನ್ 1000 ಸಿಸಿ ಒಳಗಿದ್ದರೆ ಅಪಘಾತದಲ್ಲಿ ಬೇರೆಯವರಿಗಾಗುವ ನಷ್ಟ ತುಂಬುವ ಮೂರನೇ ವ್ಯಕ್ತಿ ವಿಮೆಯ ಕಂತೂ ಕಡಿಮೆ: 2022ರ ದರಪಟ್ಟಿಯಂತೆ ವರ್ಷಕ್ಕೆ 2,094 ರೂಪಾಯಿ, 1000ದಿಂದ 1500 ಸಿಸಿವರೆಗಿನದಕ್ಕೆ 3,416.

ಹೊಸ ಕಾರಿನ ಬಗ್ಗೆ ಹೇಳುವುದಾದರೆ, ಸೆಪ್ಟೆಂಬರ್ 2025ರಲ್ಲಿ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿರುವುದು ನಿಜ. ಆದರೆ ಷೋರೂಂ ಬೆಲೆಯ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ ಮತ್ತು ಒಟ್ಟಿಗೇ ಕಟ್ಟಬೇಕಾದ ಮೂರು ವರ್ಷದ ಮೂರನೇ ವ್ಯಕ್ತಿ ವಿಮೆ ಸೇರಿದಾಗ ನಾಲ್ಕು ಲಕ್ಷ ಸಾಲದೆ ಹೋಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲೇ ಇಎಂಐ ಹೊರಿಸುವುದಕ್ಕಿಂತ, 3.40 ಲಕ್ಷದೊಳಗೆ ಬಳಸಿದ ಕಾರನ್ನು ಮುಗಿಸಿ ಉಳಿದದ್ದನ್ನು ಟೈರು, ಬ್ಯಾಟರಿ, ಪೂರ್ಣ ವಿಮೆಗೆ ಎತ್ತಿಡುವುದು ಜಾಣತನ. ಮೊದಲ ವರ್ಷ ಗೇಟಿಗೋ ಕಂಬಕ್ಕೋ ಒಂದೆರಡು ಕಡೆ ತಗಲುತ್ತದೆ, ಅದಕ್ಕೆ ಬೈಯಬೇಡಿ.

ಕಾರು ನೋಡಲು ಬೆಳಿಗ್ಗೆಯೇ ಹೋಗಿ, ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಎಂದು ಮೊದಲೇ ತಿಳಿಸಿರಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ತಣ್ಣಗಿನ ಎಂಜಿನ್ನಿನ ತೊಂದರೆ ನಿಮ್ಮ ಕಣ್ಣಿಗೆ ಬೀಳದಿರಲೆಂದು ಓಡಿಸಿಟ್ಟಿರಬಹುದು. ತೊಳೆದು ಪಾಲಿಶ್ ಹೊಡೆದ ಹೊರಮೈಗೆ ಮರುಳಾಗಬೇಡಿ, ಆಯುಧಪೂಜೆಯ ದಿನ ಎಲ್ಲ ಗಾಡಿಯೂ ಹೊಸದಾಗಿಯೇ ಕಾಣುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ: ನೆರೆನೀರಿನಲ್ಲಿ ನಿಂತ ಕಾರಾದರೆ ಒಳಗಿನ ತುದಿಯಲ್ಲಿ ಕೆಸರಿನ ಕಲೆ ಉಳಿದಿರುತ್ತದೆ, ಸೀಟಿನ ಕೆಳಗಿನ ಹಳಿಗೆ ತುಕ್ಕು ಹಿಡಿದಿರುತ್ತದೆ. ಮೀಟರ್ 30,000 ತೋರಿಸುತ್ತಾ ಕ್ಲಚ್ ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ ನಂಬಬೇಕಾದದ್ದು ರಬ್ಬರನ್ನು. ಟೈರಿನ ಮೇಲಿನ ನಾಲ್ಕಂಕಿಯಲ್ಲಿ 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದೆಂದು ಅರ್ಥ. ಅಷ್ಟು ಹಳೆಯದಾದರೆ ನಾಲ್ಕು ಟೈರಿನ ಬೆಲೆಯನ್ನು ಚೌಕಾಸಿಯಲ್ಲಿ ಸೇರಿಸಿಕೊಳ್ಳಿ.

ಕಾಗದಪತ್ರದಲ್ಲಿ, ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಮಾರುವವರ ಸಹಿ ಪಡೆಯದೆ ಪೂರ್ತಿ ಹಣ ಕೊಡಬೇಡಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲದ ನಮೂದು ತೆಗೆಸುವ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೂಡ ಬೇಕು. ವಿಮೆಯನ್ನು 14 ದಿನಗಳೊಳಗೆ ಮಗಳ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಿ. ಪರಿಹಾರ ಕೇಳದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಮಾಲೀಕರದೇ ಹೊರತು ಗಾಡಿಯದಲ್ಲ, ಅದು ನಿಮಗೆ ಬರುವುದಿಲ್ಲ.

ಪ್ರಶ್ನೆ: ಮಗನ ಮೊದಲ ಕಾರಿಗಾಗಿ ಹುಡುಕುತ್ತಿದ್ದಾಗ, ದೆಹಲಿ ನೋಂದಣಿಯ ಒಂಬತ್ತು ವರ್ಷದ ಡೀಸೆಲ್ ಕಾರೊಂದು ಇಲ್ಲಿನ ಬೆಲೆಗಿಂತ ಬಹಳ ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಬಹುದೇ?
– ಓದುಗರೊಬ್ಬರು, ಹಾಸನ

ಉತ್ತರ: ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಮೇಲೆ ನ್ಯಾಯಾಲಯಗಳ ಆದೇಶಗಳು ನಿರ್ಬಂಧ ಹೇರುತ್ತಾ ಬಂದದ್ದೇ ಆ ಅಗ್ಗಕ್ಕೆ ಮುಖ್ಯ ಕಾರಣ. ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ತರಬೇಕು, ಇಲ್ಲಿ ಮರುನೋಂದಣಿ ಮಾಡಿಸಿ ಗಾಡಿಯ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆಯನ್ನು ಹೊಸದಾಗಿ ಕಟ್ಟಬೇಕು. ಆ ತೆರಿಗೆ ಎಷ್ಟಾಗುತ್ತದೆಂದು ಹಾಸನದ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಬೆಲೆಗೆ ಕೂಡಿಸಿ ನೋಡುವವರೆಗೆ ಮುಂಗಡ ಕೊಡಬೇಡಿ.